ಗುಡುಗು ಬಂದರೆ ತೆಗೆಯುವ ವೈರು

ಏಪ್ರಿಲ್ ಇಪ್ಪತ್ತೊಂಬತ್ತರ ಮಧ್ಯಾಹ್ನ ನಾಲ್ಕು ಇಪ್ಪತ್ತಕ್ಕೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಿಂದ ಬಸಪ್ಪನವರ ಮೊಬೈಲಿಗೆ ಕರೆ ಬಂತು. ಮೊಬೈಲು ಅವರ ದಿಂಬಿನ ಪಕ್ಕದಲ್ಲೇ ಇತ್ತು. ರಿಂಗಾಗಲಿಲ್ಲ. ನಾಲ್ಕು ಇಪ್ಪತ್ತಾರಕ್ಕೆ ಇನ್ನೊಮ್ಮೆ ಮಾಡಿದರು, ನಾಲ್ಕು ನಲವತ್ತೊಂದಕ್ಕೆ ಮತ್ತೊಮ್ಮೆ. ಆಗಲೂ ರಿಂಗಾಗಲಿಲ್ಲ. ಆಸ್ಪತ್ರೆಗೆ ಕೊಟ್ಟಿದ್ದ ಎರಡನೆಯ ನಂಬರು ಮಗ ವಿನೋದನದು, ಅದಕ್ಕೂ ಮಾಡಿದರು. ಅವನು ಕೆರೆಯ ಕೆಳಗಿನ ಗದ್ದೆಯಲ್ಲಿ ಟ್ರ್ಯಾಕ್ಟರ್ ಮೇಲಿದ್ದ. ಅಲ್ಲಿ ಸಿಗ್ನಲ್ ಇಲ್ಲ. ಐದು ಗಂಟೆಗೆ ಆಸ್ಪತ್ರೆಯವರು ಪಟ್ಟಿಯಲ್ಲಿದ್ದ ಮುಂದಿನ ಹೆಸರಿಗೆ ಫೋನು ಮಾಡಿದರು. ಬಸಪ್ಪನವರಿಗೆ ಸಿಗಬಹುದಾಗಿದ್ದ ಕಿಡ್ನಿ ಬೇರೊಬ್ಬರಿಗೆ ಹೋಯಿತು.

ಇದು ಮನೆಯವರಿಗೆ ತಿಳಿದದ್ದು ಸಂಜೆ, ವಿನೋದ ಡೀಸೆಲ್ ತರಲು ಬನವಾಸಿಗೆ ಹೋದಾಗ. ಪೇಟೆ ಹತ್ತಿರವಾಗುತ್ತಿದ್ದಂತೆ ಕಿಸೆಯಲ್ಲಿದ್ದ ಮೊಬೈಲು ಮಿಸ್ಡ್ ಕಾಲ್‌ಗಳ ಸಂದೇಶಗಳನ್ನು ಒಂದರ ಹಿಂದೆ ಒಂದು ತಂದು ಹಾಕಿತು.

ನಮಿತಾ ನಾಯ್ಕ ಆ ಮನೆಗೆ ಹೋದದ್ದು ಎರಡು ವಾರದ ನಂತರ, ಮೇ ಹದಿಮೂರರ ಮಂಗಳವಾರ. ಮೂವತ್ತೆಂಟರ ನಮಿತಾ ಶಿರಸಿಯಲ್ಲಿ ಫೈಬರ್ ಇಂಟರ್‌ನೆಟ್ ಕೊಡುವ ಸ್ಥಳೀಯ ಏಜೆನ್ಸಿಯೊಂದರ ತಂತ್ರಜ್ಞೆ. ಬನವಾಸಿ ಕಡೆಯ ಮುನ್ನೂರು ಚಿಲ್ಲರೆ ಸಂಪರ್ಕಗಳನ್ನು ನೋಡಿಕೊಳ್ಳುವುದು ಅವರೊಬ್ಬರೇ. ಸ್ಕೂಟಿಯ ಮುಂದೆ ಏಣಿ ಹಿಡಿಸುವುದಿಲ್ಲವೆಂದು ಮಡಚುವ ಏಣಿಯೊಂದನ್ನು ಹಿಂದಿನ ಸೀಟಿಗೆ ಅಡ್ಡವಾಗಿ ಕಟ್ಟಿಕೊಂಡು ಓಡಾಡುತ್ತಾರೆ. ಎದುರಿನಿಂದ ಬರುವ ಬಸ್ಸಿನವರು ದೂರದಿಂದಲೇ ಗುರುತು ಹಿಡಿದು ಬದಿಗೆ ಸರಿಯುತ್ತಾರೆ.

ಅಂದಿನ ದೂರಿನ ಚೀಟಿಯಲ್ಲಿ ಏಜೆನ್ಸಿಯ ಹುಡುಗಿ ಬರೆದುಕೊಂಡದ್ದು ಇಷ್ಟು: ಗುಡ್ನಾಪುರ ಕೆರೆ ಆಚೆ, ಬಸಪ್ಪ, ಫೋನ್ ಕರೆ ನಿಲ್ಲುತ್ತದೆ, ಅಕ್ಕಪಕ್ಕದವರನ್ನು ತೆಗೆದುಹಾಕಬೇಕು.

ಕೆರೆಯ ಆಚೆ ಒಂದು ದಿಬ್ಬ, ದಿಬ್ಬದ ಬುಡಕ್ಕೆ ಏಳು ಮನೆ. ಯಾವ ಕಂಪನಿಯ ಮೊಬೈಲ್ ಸಿಗ್ನಲ್ಲೂ ದಿಬ್ಬ ದಾಟಿ ಇಳಿಯುವುದಿಲ್ಲ. ಮೂರು ವರ್ಷದ ಹಿಂದೆ ಬಸಪ್ಪನವರ ಮನೆಗೆ ಫೈಬರ್ ಬಂದಾಗ ಏಳೂ ಮನೆಯ ಮೊಬೈಲುಗಳಿಗೆ ಜೀವ ಬಂತು. ಇಂಟರ್‌ನೆಟ್ಟಿನ ಮೂಲಕವೇ ಮಾಮೂಲಿ ಫೋನ್ ಕರೆ ಹೋಗಿ ಬರುವ ವೈಫೈ ಕಾಲಿಂಗ್ ಎಂಬ ಸೌಲಭ್ಯ ಅಲ್ಲಿ ಎಲ್ಲರಿಗೂ ಗೊತ್ತು. ಬಸಪ್ಪನವರ ರೂಟರ್ ಪೆಟ್ಟಿಗೆ ನಿಂತರೆ ಏಳು ಮನೆಗೂ ಫೋನಿಲ್ಲ.

ಬಾಗಿಲಲ್ಲಿ ಎದುರಾದವರು ಬಸಪ್ಪನವರ ಹೆಂಡತಿ ನೀಲಗಂಗವ್ವ.

“ಬಾ ತಂಗಿ, ಒಳಗ ಬಾ. ಮಜ್ಜಿಗಿ ಕುಡೀತಿ ಏನು?”

“ಮೊದ್ಲು ಪೆಟ್ಟಿಗೆ ನೋಡುವ ಅಮ್ಮಾ. ಮಜ್ಜಿಗೆ ಎಲ್ಲಿ ಹೋಗ್ತದೆ.”

“ನಿಮ್ಮಪ್ಪನೂ ಹಿಂಗ ಅಂತಿದ್ದ. ಕಡೀಕ ಎರಡು ಚರಗಿ ಕುಡದಽ ಹೋಗ್ತಿದ್ದ.”

ನಮಿತಾ ನಕ್ಕರು. ಬನವಾಸಿ ಕಡೆಯಲ್ಲಿ ಅವರ ಹೆಸರು ಬಹಳ ಜನರಿಗೆ ಗೊತ್ತಿಲ್ಲ. ಲೈನ್‌ಮನ್ ಜಟ್ಟಪ್ಪನ ಮಗಳು ಅಂದರೆ ಗೊತ್ತು. ಸಿದ್ದಾಪುರದ ಕಡೆಯ ಜಟ್ಟಪ್ಪ ನಾಯ್ಕರು ಲ್ಯಾಂಡ್‌ಲೈನ್ ಕಾಲದಲ್ಲಿ ಈ ಭಾಗದ ಟೆಲಿಫೋನ್ ಲೈನ್‌ಮನ್. ಮೊದಲು ದಿನಗೂಲಿ, ಆಮೇಲೆ ಕಾಯಂ. ಹನ್ನೆರಡು ವರ್ಷ ಕಂಬ ಹತ್ತಿ ಇಳಿದರು. ಮಗಳು ಶಿರಸಿಯಲ್ಲಿ ಐಟಿಐ ಮುಗಿಸಿ, ಮೊಬೈಲ್ ಅಂಗಡಿಯಲ್ಲಿ ಎಂಟು ವರ್ಷ ಬೆಸುಗೆ ಹಾಕಿ, ಈಗ ಅಪ್ಪನ ದಾರಿಯಲ್ಲೇ ಸ್ಕೂಟಿ ಓಡಿಸುತ್ತಾರೆ. ಗಂಡ ಸುಭಾಷ ಬಸ್ ಡಿಪೋದ ಮೆಕ್ಯಾನಿಕ್. ಕಣ್ಣು ಮಂಜಾದ ಮೇಲೆ ಜಟ್ಟಪ್ಪನವರು ಮಗಳ ಮನೆಯಲ್ಲೇ ಇದ್ದಾರೆ.

ರೂಟರ್ ಪಡಸಾಲೆಯ ಮೂಲೆಯಲ್ಲಿ, ಕಬ್ಬಿಣದ ಕಪಾಟಿನ ಹಿಂದಿನ ಗೂಡಿನಲ್ಲಿತ್ತು. ಹಿಂದೆ ಟೆಲಿಫೋನು ಇದ್ದ ಗೂಡು ಅದು. ಬಸಪ್ಪನವರು ಒಳಕೋಣೆಯಲ್ಲಿ ಮಲಗಿದ್ದರು. ವಾರಕ್ಕೆ ಮೂರು ಸಲ ಶಿರಸಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುವುದು ಶುರುವಾಗಿ ಎರಡು ವರ್ಷವಾಗಿತ್ತು. ಮಂಗಳವಾರ ಬಿಡುವಿನ ದಿನ.

“ಯಾರಪಾ ಅದು?”

“ಜಟ್ಟಪ್ಪನ ಮಗಳ್ರೀ,” ನೀಲಗಂಗವ್ವ ಕೂಗಿ ಹೇಳಿದರು.

“ಬಾರವಾ. ನನ್ನ ಕಿಡ್ನಿ ನಿನ್ನ ಪೆಟಗಿಯೊಳಗ ಸಿಕ್ಕೊಂಡೈತಿ, ತಗದು ಕೊಡು.”

ವಿನೋದನಿಗೆ ಆ ಮಾತು ಹಿಡಿಸಲಿಲ್ಲ. ಮೂವತ್ತೆರಡರ ಅವನು ಎರಡು ವಾರದಿಂದ ಯಾವ ಹಾಸ್ಯಕ್ಕೂ ನಕ್ಕಿರಲಿಲ್ಲ. ನಮಿತಾ ಲ್ಯಾಪ್‌ಟಾಪ್ ತೆರೆಯುವ ಮೊದಲೇ ಹೇಳಿದ.

“ಅಕ್ಕಾರ, ಒಂದಽ ಕೆಲಸ ಮಾಡ್ರಿ. ಈ ಕೇರಿಯೋರನ್ನೆಲ್ಲ ಹೊರಗ ಹಾಕ್ರಿ. ಮೊದಲು ಆ ರಾಘುನ್ನ. ಅವತ್ತು ಕ್ರಿಕೆಟ್ ನೋಡಾಕತ್ತಿದ್ದ. ಅವ ಲೈನ್ ತುಂಬಿಸಿದ್ದಕ್ಕಽ ನಮ್ಮಪ್ಪನ ಫೋನ್ ಹತ್ತಲಿಲ್ಲ.”

ರಾಘು ಪಕ್ಕದ ಮನೆಯ ದುರ್ಗಿಯ ಮಗ, ಬಾಡಿಗೆಗೆ ಓಮ್ನಿ ಓಡಿಸುವವನು. ಏಪ್ರಿಲ್ ಮೂವತ್ತರ ಬೆಳಿಗ್ಗೆ ವಿನೋದ ಅವರ ಅಂಗಳದಲ್ಲಿ ನಿಂತು, ನಿಮ್ಮ ಮನೆ ಮೊಬೈಲಿನಿಂದ ನಮ್ಮಪ್ಪ ಸಾಯುತ್ತಾನೆ ಎಂದು ಕೂಗಾಡಿ ಬಂದಿದ್ದ. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಡಯಾಲಿಸಿಸ್‌ಗೆ ಬಸಪ್ಪನವರನ್ನು ಕರೆದೊಯ್ಯುತ್ತಿದ್ದುದು ಅದೇ ಓಮ್ನಿ. ಈಗ ಬನವಾಸಿಯಿಂದ ಬೇರೆ ಗಾಡಿ ಬರುತ್ತಿತ್ತು.

“ನೋಡುವ,” ಎಂದಷ್ಟೇ ಹೇಳಿ ನಮಿತಾ ಕೆಲಸಕ್ಕೆ ಕೂತರು.

ಮೊದಲು ಸಿಕ್ಕಿದ್ದು ಹೆಸರು. ಆ ಮನೆಯ ವೈಫೈ ಹೆಸರು ‘ಬಸಪ್ಪಣ್ಣನ ಹೋಟೆಲ್’. ಯಾರು ಇಟ್ಟರೆಂದು ಮನೆಯವರಿಗೆ ಗೊತ್ತಿರಲಿಲ್ಲ. ಒಂದು ದಿನ ತಾನಾಗಿಯೇ ಬದಲಾಗಿತ್ತಂತೆ. ತಾನಾಗಿ ಬದಲಾಗುವುದಿಲ್ಲ. ರೂಟರಿನ ಸೆಟ್ಟಿಂಗ್ಸ್ ಒಳಗೆ ಹೋಗಲು ಬೇರೆಯದೇ ಒಂದು ಪಾಸ್‌ವರ್ಡ್ ಇರುತ್ತದೆ. ಅದು ಪೆಟ್ಟಿಗೆಯ ಜೊತೆ ಬಂದದ್ದೇ ಇನ್ನೂ ಹಾಗೇ ಇತ್ತು. ವೈಫೈ ಸೇರಿದ ಯಾರೇ ಆಗಲಿ ಒಳಗೆ ಹೋಗಿ ಏನನ್ನಾದರೂ ತಿರುಗಿಸಬಹುದಿತ್ತು. ಯಾರೋ ಹೆಸರು ತಿರುಗಿಸಿ ಸುಮ್ಮನಾಗಿದ್ದರು.

“ನನಗ ಆ ಹೆಸರು ಚಲೋ ಅನಸ್ತದ,” ಒಳಗಿನಿಂದ ಬಸಪ್ಪನವರ ದನಿ ಬಂತು. “ಒಂದು ಕಪ್ ಚಾನೂ ಮಾರಲಾರದಽ ಹೋಟೆಲ್ ಇಟ್ಟೇನಿ.”

ಎರಡನೆಯದು ವೈಫೈ ಪಾಸ್‌ವರ್ಡ್. ಬಸಪ್ಪನವರ ಹಳೆಯ ಲ್ಯಾಂಡ್‌ಲೈನ್ ನಂಬರು, ಎಸ್‌ಟಿಡಿ ಕೋಡ್ ಸಮೇತ. ನೀಲಗಂಗವ್ವನಿಗೆ ಬಾಯಿಪಾಠ ಇರುವುದು ಅದೊಂದೇ ನಂಬರೆಂದು ಅದನ್ನೇ ಇಟ್ಟಿದ್ದರು. ತೊಂದರೆಯೆಂದರೆ ಅದು ಕೇರಿಗೆಲ್ಲ ಬಾಯಿಪಾಠ. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಮುಂಬೈಗೆ ದುಡಿಯಲು ಹೋದ ಗಂಡಸರು, ಎಲ್ಲರೂ ಹತ್ತು ವರ್ಷ ಅದೇ ನಂಬರಿಗೆ ಫೋನು ಮಾಡಿ ‘ಸ್ವಲ್ಪ ನಮ್ಮವ್ವನ್ನ ಕರೀರಿ’ ಎಂದವರು. ಅನಾನಸ್ ಲೋಡ್ ಮಾಡಲು ಬರುವ ಲಾರಿಯವರಿಗೆ ಮಜ್ಜಿಗೆಯ ಜೊತೆ ಆ ನಂಬರನ್ನೂ ನೀಲಗಂಗವ್ವ ಕೊಟ್ಟಿದ್ದರು.

“ಕೇಳಿದ್ರ ಹ್ಯಾಂಗ ಇಲ್ಲ ಅನ್ನೋದು?” ಎಂಬುದು ಅವರ ಪ್ರಶ್ನೆ.

ಆ ಹೊತ್ತಿಗೆ ರೂಟರಿಗೆ ಸೇರಿಕೊಂಡಿದ್ದ ಉಪಕರಣಗಳು ಹದಿನೇಳು. ನಮಿತಾ ಒಂದೊಂದನ್ನೂ ಓದಿ ಹೇಳಿದರು, ವಿನೋದ ಗುರುತಿಸಿದ. ಹದಿನಾಲ್ಕು ಸಿಕ್ಕವು. ಮೂರು ಯಾರದೆಂದು ತಿಳಿಯಲಿಲ್ಲ. ಎಲ್ಲ ಮುಗಿದ ಮೇಲೆ ನಮಿತಾ ಕೇಳಿದರು.

“ರಾಘುನ ಮೊಬೈಲ್ ಯಾವ್ದು ಅಂದ್ರಿ?”

ವಿನೋದ ಪರದೆಯನ್ನು ಎರಡು ಸಲ ನೋಡಿದ. ರಾಘುವಿನದು ಅಲ್ಲಿ ಇರಲೇ ಇಲ್ಲ. ಬೈಸಿಕೊಂಡ ದಿನದಿಂದ ಅವನು ವೈಫೈ ಆರಿಸಿಬಿಟ್ಟಿದ್ದ. ಬಾಡಿಗೆಯ ಕರೆಗಾಗಿ ದಿಬ್ಬದ ಮೇಲೆ ಹೋಗಿ ಕೂರುತ್ತಾನೆಂದು ನೀಲಗಂಗವ್ವ ಹೇಳಿದರು. ರಾಘು ಇಲ್ಲದ ಹದಿನಾಲ್ಕು ದಿನದಲ್ಲೂ ಕರೆಗಳು ನಡುವೆ ನಿಲ್ಲುತ್ತಲೇ ಇದ್ದವು.

ಮೂರನೆಯದು ನಮಿತಾಗೆ ಹೆಚ್ಚು ಚಿಂತೆ ತಂದದ್ದು. ಫೈಬರ್ ಎಂದರೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ಅದರಲ್ಲಿ ಬರುವುದು ಕರೆಂಟಲ್ಲ, ಬೆಳಕು. ಆ ಬೆಳಕಿನ ಬಲ ಮೈನಸ್ ಲೆಕ್ಕದಲ್ಲಿರುತ್ತದೆ. ಇಪ್ಪತ್ತರ ಆಸುಪಾಸು ಇದ್ದರೆ ಸರಿ, ಇಪ್ಪತ್ತೆಂಟು ದಾಟಿದರೆ ಲೈನು ಸತ್ತ ಹಾಗೆ. ಅಲ್ಲಿ ಇಪ್ಪತ್ತೇಳೂವರೆ ತೋರಿಸುತ್ತಿತ್ತು. ಕಂಬದಲ್ಲಿ ನೋಡಿದರೆ ಇಪ್ಪತ್ತೇ ಇತ್ತು. ಹಾಗಾದರೆ ಬೆಳಕು ಸೋರುತ್ತಿರುವುದು ಮನೆಯೊಳಗೆ. ರೂಟರಿಗೆ ಸಿಕ್ಕಿಸಿದ್ದ ಫೈಬರಿನ ಹಳದಿ ವೈರಿನ ತುದಿಯನ್ನು ಬಿಚ್ಚಿ ಸಣ್ಣ ಸೂಕ್ಷ್ಮದರ್ಶಕಕ್ಕೆ ಹಿಡಿದರು. ಗಾಜಿನ ಮುಖದ ಮೇಲೆ ಸುಣ್ಣದ ಪುಡಿ, ಬೆರಳಿನ ಎಣ್ಣೆ.

“ಇದನ್ನ ಯಾರಾದ್ರೂ ತೆಗೀತಾರಾ?”

“ಯಾರೂ ಮುಟ್ಟೂದಿಲ್ರಿ,” ವಿನೋದ ಕೂಡಲೇ ಹೇಳಿದ. ನೀಲಗಂಗವ್ವ ಆಗ ಹಿತ್ತಲಿನಲ್ಲಿದ್ದರು.

ತುದಿಯನ್ನು ಒರೆಸಿ ಕೂರಿಸಿದಾಗ ಇಪ್ಪತ್ತೊಂದಕ್ಕೆ ಬಂತು. ಆಮೇಲಿನ ಎರಡು ತಾಸು ನಮಿತಾ ಮಾಡಿದ ಕೆಲಸ ಯಾವ ಮನೆಯಲ್ಲೂ ಮಾಡುವಂಥದ್ದೇ, ಆದರೆ ಇಲ್ಲಿ ಪ್ರತಿಯೊಂದನ್ನೂ ಎರಡು ಸಲ ಪರೀಕ್ಷಿಸಿದರು. ರೂಟರನ್ನು ಕಪಾಟಿನ ಹಿಂದಿನಿಂದ ತೆಗೆದು ಒಳಕೋಣೆಯ ಬಾಗಿಲ ಪಕ್ಕದ ಗೋಡೆಗೆ ಏರಿಸಿದರು. ಸೆಟ್ಟಿಂಗ್ಸಿನ ಪಾಸ್‌ವರ್ಡ್ ಬದಲಾಯಿಸಿದರು. ಗುಂಡಿ ಒತ್ತಿದರೆ ಪಾಸ್‌ವರ್ಡ್ ಇಲ್ಲದೆಯೂ ಸೇರಿಸಿಕೊಳ್ಳುವ ಸೌಲಭ್ಯವನ್ನು ಆರಿಸಿದರು. ಮನೆಯ ಮೂರು ಮೊಬೈಲಿಗೆ ಹೊಸ ಹೆಸರಿನ, ಹೊಸ ಪಾಸ್‌ವರ್ಡಿನ ಪ್ರತ್ಯೇಕ ವೈಫೈ ಮಾಡಿದರು. ಎಷ್ಟೇ ಜನ ಬಳಸುತ್ತಿರಲಿ, ಬಸಪ್ಪನವರ ಮೊಬೈಲಿಗೇ ಮೊದಲ ದಾರಿ ಎಂದು ಆದ್ಯತೆ ಕೊಟ್ಟರು.

“ಇನ್ನು ಆ ಮಂದೀನ್ನ ತಗದುಹಾಕ್ರಿ,” ವಿನೋದ ನೆನಪಿಸಿದ.

“ತೆಗೀಲಿಕ್ಕೆ ಒಂದು ನಿಮಿಷ ಸಾಕು. ಆರು ಮನೇಲಿ ಯಾರಿಗಾದ್ರೂ ಹಾವು ಕಚ್ಚಿದ್ರೆ ಎಲ್ಲಿಂದ ಫೋನ್ ಮಾಡ್ತಾರೆ?”

ವಿನೋದ ಕುರ್ಚಿ ಎಳೆದು ಕೂತ.

ರೂಟರಿನಲ್ಲಿ ಅತಿಥಿಗಳಿಗೆಂದೇ ಇನ್ನೊಂದು ವೈಫೈ ತೆರೆಯಬಹುದು. ಅದರಲ್ಲಿ ಇರುವವರಿಗೆ ಮನೆಯ ಉಪಕರಣಗಳು ಕಾಣುವುದಿಲ್ಲ, ಸೆಟ್ಟಿಂಗ್ಸ್ ಮುಟ್ಟಲು ಆಗುವುದಿಲ್ಲ, ಎಷ್ಟು ವೇಗ ಕೊಡಬೇಕೆಂದು ಮಿತಿಯನ್ನೂ ಹಾಕಬಹುದು. ನಮಿತಾ ಅದನ್ನು ತೆರೆದು ಅದಕ್ಕೆ ‘ಬಸಪ್ಪಣ್ಣನ ಹೋಟೆಲ್’ ಎಂಬ ಹಳೆಯ ಹೆಸರನ್ನೂ ಹಳೆಯ ಲ್ಯಾಂಡ್‌ಲೈನ್ ನಂಬರನ್ನೂ ಹಾಗೇ ಕೊಟ್ಟರು. ಕೇರಿಯ ಮೊಬೈಲುಗಳು ಏನೂ ಆಗದವರಂತೆ ತಾವಾಗಿಯೇ ಅಲ್ಲಿಗೆ ಬಂದು ಸೇರಿಕೊಂಡವು. ಯಾರಿಗೂ ಯಾರೂ ಇಲ್ಲ ಅನ್ನಬೇಕಾಗಲಿಲ್ಲ.

ಇಷ್ಟು ಮಾಡಿ ಹೊರಡಬಹುದಿತ್ತು. ಮಧ್ಯಾಹ್ನ ಎರಡೂವರೆಯಾಗಿತ್ತು, ಪೂರ್ವದಲ್ಲಿ ಹಾನಗಲ್ ದಿಕ್ಕಿಗೆ ಮೋಡ ಏಳುತ್ತಿತ್ತು, ಇನ್ನೂ ಎರಡು ದೂರು ಬಾಕಿ ಇದ್ದವು. ಆದರೆ ಹದಿನೇಳು ಮೊಬೈಲು ಸೇರಿದರೆ ಲೈನು ನಿಧಾನವಾಗುತ್ತದೆಯೇ ಹೊರತು ಮೂರು ಕರೆ ಒಂದರ ಮೇಲೊಂದು ರಿಂಗೇ ಆಗದಂತೆ ಸಾಯುವುದಿಲ್ಲ ಎಂಬುದು ನಮಿತಾಗೆ ಬೆಳಗಿನಿಂದ ಕೊರೆಯುತ್ತಿತ್ತು. ರೂಟರಿನೊಳಗೆ ದಿನಚರಿಯ ಹಾಗೆ ಒಂದು ಪಟ್ಟಿ ಇರುತ್ತದೆ. ಯಾವಾಗ ಲೈನು ಹೋಯಿತು, ಯಾವಾಗ ಬಂತು ಎಲ್ಲವೂ ಅಲ್ಲಿ ಬರೆದಿರುತ್ತದೆ. ಅದನ್ನು ತೆರೆದು ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ಹೋದರು.

ಸಂಜೆ ನಾಲ್ಕರ ಆಸುಪಾಸು ಏನೂ ಇರಲಿಲ್ಲ. ಬೆಳಿಗ್ಗೆ ಹತ್ತು ಮೂವತ್ತೇಳಕ್ಕೆ ಬೆಳಕು ಹೋಗಿದೆ, ಹನ್ನೆರಡು ನಲವತ್ತೆರಡಕ್ಕೆ ಬಂದಿದೆ ಎಂದಿತ್ತು. ನಮಿತಾ ಪಟ್ಟಿಯನ್ನು ಮುಚ್ಚಲಿದ್ದವರು ಮೂಲೆಯಲ್ಲಿದ್ದ ರೂಟರಿನ ಗಡಿಯಾರ ನೋಡಿದರು. ಆಗ ಅದು ಬೆಳಿಗ್ಗೆ ಒಂಬತ್ತು ಗಂಟೆ ಎನ್ನುತ್ತಿತ್ತು. ತಮ್ಮ ಕೈಗಡಿಯಾರದಲ್ಲಿ ಎರಡೂವರೆ. ಮೂರು ವರ್ಷದಿಂದ ಆ ಪೆಟ್ಟಿಗೆಗೆ ಯಾರೂ ಭಾರತದ ಸಮಯ ಹೇಳಿಕೊಟ್ಟಿರಲಿಲ್ಲ. ಅದು ಐದೂವರೆ ತಾಸು ಹಿಂದಿತ್ತು.

ಹತ್ತು ಮೂವತ್ತೇಳಕ್ಕೆ ಐದೂವರೆ ತಾಸು ಕೂಡಿಸಿದರೆ ನಾಲ್ಕು ಗಂಟೆ ಏಳು ನಿಮಿಷ. ಮೊದಲ ಕರೆಗಿಂತ ಹದಿಮೂರು ನಿಮಿಷ ಮುಂಚೆ.

ಕೆಳಗೆ ಸರಿಸುತ್ತಾ ಹೋದರು. ಏಪ್ರಿಲ್ ಹದಿನೆಂಟು, ಇಪ್ಪತ್ತೆರಡು, ಮೇ ಮೂರು, ಮೇ ಒಂಬತ್ತು. ಎಲ್ಲವೂ ಮಧ್ಯಾಹ್ನ ಮೂರರ ನಂತರ, ಎಲ್ಲವೂ ತಾಸು ಎರಡು ತಾಸು. ಕರೆಂಟು ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ಪೆಟ್ಟಿಗೆ ಉರಿಯುತ್ತಲೇ ಇತ್ತು, ಬೆಳಕು ಮಾತ್ರ ನಿಂತಿತ್ತು. ಲೈನು ಕಂಬದಲ್ಲಿ ತುಂಡಾಗಿದ್ದರೆ ಏಜೆನ್ಸಿಗೆ ತಿಳಿಯುತ್ತಿತ್ತು. ಅದು ತುಂಡಾಗಿರಲಿಲ್ಲ. ಯಾರೋ ಕಿತ್ತಿದ್ದರು, ಯಾರೋ ಮರಳಿ ಸಿಕ್ಕಿಸಿದ್ದರು.

“ಸಿಕ್ಕಿತೇನ್ರಿ? ರಾಘುನಽ ಹೌದಲ್ಲ?” ವಿನೋದ ಬಗ್ಗಿ ನೋಡಿದ.

“ಒಂದು ನಿಮಿಷ ತಡೀರಿ.”

“ಹೇಳ್ರಿ ಅಕ್ಕಾರ. ಹೆಸರು ಬರದಿರ್ತದಲ್ಲ ಅದರಾಗ?”

“ಇದ್ರಲ್ಲಿ ಹೆಸ್ರು ಇರೂದಿಲ್ಲ. ಟೈಮ್ ಇರ್ತದೆ ಅಷ್ಟೇ.”

ಆ ದಿನಗಳಲ್ಲಿ ಮಧ್ಯಾಹ್ನ ಏನಾಗಿತ್ತು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೇ ಒಂಬತ್ತರ ಗುಡುಗಿಗೆ ನಮಿತಾ ಸ್ವತಃ ಬನವಾಸಿಯ ಬಸ್ ನಿಲ್ದಾಣದಲ್ಲಿ ಎರಡು ತಾಸು ನಿಂತಿದ್ದರು.

ಅವರಿಗೆ ಆಗ ನೆನಪಾದದ್ದು ಅಪ್ಪ. ತೊಂಬತ್ತೇಳರ ಮೇ ತಿಂಗಳಲ್ಲಿ ಬನವಾಸಿಯ ಹತ್ತಿರದ ಒಂದು ಮನೆಯಲ್ಲಿ ಸಿಡಿಲು ಟೆಲಿಫೋನಿನ ತಾಮ್ರದ ತಂತಿ ಹಿಡಿದು ಒಳಗೆ ಬಂದಿತ್ತು. ರಿಸೀವರ್ ಹಿಡಿದಿದ್ದ ದೇವಿ ಎಂಬ ಹೊಸ ಸೊಸೆಯ ಎಡಗಿವಿ ಹೋಯಿತು. ಆ ಫೋನು ಕೂರಿಸಿದ್ದು ಜಟ್ಟಪ್ಪನವರು. ಮಾರನೆಯ ದಿನದಿಂದ ಅವರು ತಮ್ಮ ಲೈನಿನ ಒಂದೊಂದೇ ಮನೆ ಹೊಕ್ಕು ಒಂದೇ ಮಾತು ಹೇಳಿದರು: ಮೊದಲ ಗುಡುಗು ಕೇಳುತ್ತಲೇ ವೈರು ತೆಗೀರಿ. ತೆಗೆಯುವುದು ಹೇಗೆಂದು ಹೆಂಗಸರ ಕೈಯಲ್ಲೇ ಮಾಡಿಸಿ ನೋಡಿ ಹೊರಡುತ್ತಿದ್ದರು. ಆ ಮೇಲೆ ಅವರ ಲೈನಿನಲ್ಲಿ ಯಾರ ಕಿವಿಯೂ ಹೋಗಲಿಲ್ಲ.

ಹಿತ್ತಲ ಬಾಗಿಲು ಸದ್ದಾಯಿತು. ನೀಲಗಂಗವ್ವ ಒಣಗಿದ ಬಟ್ಟೆ ಹೊತ್ತು ಒಳಗೆ ಬಂದರು. “ಹಾನಗಲ್ ಕಡೆ ಕಪ್ಪಾಗೇದ,” ಎಂದರು.

ನಮಿತಾ ಆಗಲೇ ಹೇಳಬಹುದಿತ್ತು. ಹೇಳಿದರೆ ಎರಡು ವರ್ಷ ಗಂಡನ ಊಟದ ಉಪ್ಪು, ಕುಡಿಯುವ ನೀರು ಅಳೆದು ಕೊಟ್ಟವರ ಕೈಯೇ ಆ ಕರೆಯನ್ನು ತಡೆದದ್ದು ಎಂದು ಹೇಳಿದಂತಾಗುತ್ತಿತ್ತು. ಹೇಳದಿದ್ದರೆ ಇವತ್ತೇ ಆ ಕೈ ಮತ್ತೆ ಅಲ್ಲಿಗೆ ಹೋಗುತ್ತಿತ್ತು, ದೂರು ರಾಘುವಿನ ತಲೆಯ ಮೇಲೆ ಉಳಿಯುತ್ತಿತ್ತು. ಮಾತು ಹೇಗೆ ತೆಗೆಯುವುದೆಂದು ಅವರು ಹುಡುಕುತ್ತಿರುವಾಗ, ಮೂರು ಹದಿನೆಂಟಕ್ಕೆ, ದಿಬ್ಬದ ಆಚೆ ಮೊದಲ ಗುಡುಗು ಉರುಳಿತು.

ನೀಲಗಂಗವ್ವ ಬಟ್ಟೆಯನ್ನು ಕುರ್ಚಿಯ ಮೇಲಿಟ್ಟರು. ಹಳೆಯ ಗೂಡಿನ ಕಡೆ ಎರಡು ಹೆಜ್ಜೆ ಹೋದರು, ಪೆಟ್ಟಿಗೆ ಅಲ್ಲಿಲ್ಲವೆಂದು ನೆನಪಾಗಿ ತಿರುಗಿದರು, ಹೊಸ ಜಾಗಕ್ಕೆ ಬಂದರು. ಯಾರನ್ನೂ ನೋಡದೆ, ಯಾರಿಗೂ ಹೇಳದೆ, ಹೆಬ್ಬೆರಳು ತೋರುಬೆರಳಿನಲ್ಲಿ ಹಳದಿ ವೈರಿನ ತುದಿಯನ್ನು ಒತ್ತಿ ಹಿಡಿದು ಎಳೆದರು. ತುದಿ ಸುಣ್ಣದ ಗೋಡೆಗೆ ತಾಗಿ ಜೋತುಬಿತ್ತು. ಪಕ್ಕದಲ್ಲಿದ್ದ ಕರೆಂಟಿನ ಪ್ಲಗ್ಗನ್ನು ಮುಟ್ಟಲಿಲ್ಲ. ಬಟ್ಟೆ ಮಡಚಲು ಮರಳಿದರು.

ನಮಿತಾ ತಡೆಯಲಿಲ್ಲ. ಕೈಗಡಿಯಾರ ನೋಡಿಕೊಂಡರು. ಆ ಕ್ಷಣದಲ್ಲಿ ಹುಬ್ಬಳ್ಳಿಯಿಂದ ಕರೆ ಬಂದರೆ ಅದು ತಪ್ಪುತ್ತದೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ.

“ಕಾಕಾ, ನಿಮ್ಮ ಮೊಬೈಲಿನಲ್ಲಿ ವೈಫೈ ಗುರ್ತು ಎಷ್ಟು ಗೆರೆ ಇದೆ?”

“ಪೂರಾ ಐತವಾ,” ಒಳಗಿನಿಂದ ಬಸಪ್ಪನವರು.

“ವಿನೋದ, ನಿಮ್ಮ ಮೊಬೈಲಿಂದ ಅಪ್ಪನಿಗೆ ಒಂದು ಕಾಲ್ ಮಾಡಿ.”

ವಿನೋದ ಮಾಡಿದ. ಕಿವಿಯಿಂದ ತೆಗೆದು ಪರದೆ ನೋಡಿದ. ಮತ್ತೆ ಮಾಡಿದ. ಹೋಗಲಿಲ್ಲ. ಅವನ ಕಣ್ಣು ಅಪ್ಪನ ಬಾಗಿಲಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಜೋತುಬಿದ್ದ ಹಳದಿ ತುದಿಗೆ ಹೋಗಿ ನಿಂತಿತು. ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿಣುಕುತ್ತಿತ್ತು. ಹದಿನಾಲ್ಕು ದಿನದಿಂದ ಅವನು ರಾಘುವಿನ ಮನೆಯ ಕಡೆ ನೋಡಿದ ರೀತಿಯಲ್ಲೇ ಈಗ ತಾಯಿಯ ಕಡೆ ತಿರುಗಿದ.

“ಯವ್ವಾ, ಏನು ಮಾಡ್ದಿ ನೀನು?”

“ಏನು ಮಾಡ್ದೆ? ಗುಡುಗು ಬಂತಲ್ಲ.”

“ಅವತ್ತೂ ತಗದಿದ್ದೇನು?”

“ದಿನಾ ತಗೀತೀನಿ. ಗುಡುಗಿದ್ರ ತಗೀಬೇಕು. ಪೆಟಗಿ ಸುಟ್ರ ನಿಮ್ಮಪ್ಪಗ ಫೋನ್ ಹ್ಯಾಂಗ ಬರ್ತದ?”

ತಮ್ಮ ಮಾತೇ ತಮಗೆ ಕೇಳಿಸಿದಂತೆ ನೀಲಗಂಗವ್ವ ಕೈಯಲ್ಲಿದ್ದ ಪಂಚೆಯನ್ನು ಮಡಚುವುದು ನಿಲ್ಲಿಸಿದರು.

“ನಾನಽ ತಗದೆ ಏನು?” ಎಂದರು. “ಅವರು ಕರದಾಗ ನಾನಽ ತಗದಿದ್ದೆ ಏನು, ತಂಗಿ?”

ನಮಿತಾ ಹೌದು ಎಂದರು. ಸುತ್ತಿ ಬಳಸಿ ಹೇಳಲಿಲ್ಲ. ಆಮೇಲೆ ಹೇಳಿದರು. “ನಿಮಗೆ ತೆಗೀರಿ ಅಂದವ ನಮ್ಮಪ್ಪ. ಆಗಿನ ವೈರು ತಾಮ್ರದ್ದು, ಸಿಡ್ಲು ಅದ್ರಲ್ಲೇ ಬರ್ತಿತ್ತು. ಇದು ಗಾಜು. ಇದ್ರಲ್ಲಿ ಸಿಡ್ಲು ಬರೂದಿಲ್ಲ. ಬಂದ್ರೆ ಆ ಕರೆಂಟಿನ ಪ್ಲಗ್ಗಲ್ಲಿ ಬರ್ತದೆ. ಮೂರು ವರ್ಷದ ಹಿಂದೆ ಇದನ್ನ ಕೂರಿಸಿ ಹೋದವ್ರು ಅದನ್ನ ಹೇಳ್ಬೇಕಿತ್ತು, ನಾವು ಹೇಳ್ಲಿಲ್ಲ.”

ಹೇಳುತ್ತಲೇ ಅವರು ಮೊದಲು ಪ್ಲಗ್ಗನ್ನು ಕಿತ್ತರು. ಸ್ಕೂಟಿಯಿಂದ ಪುಟ್ಟ ಬ್ಯಾಟರಿ ಡಬ್ಬಿಯೊಂದನ್ನು ತಂದು ರೂಟರಿಗೆ ಜೋಡಿಸಿದರು. ಕರೆಂಟು ಇಲ್ಲದೆಯೂ ಅದು ಮೂರು ತಾಸು ನಡೆಸುತ್ತದೆ. ಗುಡುಗು ದಿಬ್ಬದ ಈಚೆಗೆ ಬಂದಿತ್ತು. ಹಳದಿ ತುದಿಯನ್ನು ಸಿಕ್ಕಿಸಿದರು. ಕೆಂಪು ದೀಪ ಹೋಗಲಿಲ್ಲ. ಬಿಚ್ಚಿ ಒರೆಸಿ ಮತ್ತೆ ಸಿಕ್ಕಿಸಿದರು. ಕೆಂಪು. ಗೋಡೆಯ ಸುಣ್ಣ ಗಾಜಿಗೆ ಕಚ್ಚಿತ್ತು. ವಿನೋದ ಹಿಂದೆ ನಿಂತು ನಿಮಿಷ ಎಣಿಸುತ್ತಿದ್ದ, ಆರು ಎಂದ, ಏಳು ಎಂದ. ನಮಿತಾ ಸುಮ್ಮನಿರಿ ಎಂದರು. ಸೂಕ್ಷ್ಮದರ್ಶಕಕ್ಕೆ ಹಿಡಿದರು, ಸ್ಪಿರಿಟ್ ಹನಿಸಿದ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಎಳೆದರು, ಮತ್ತೆ ಹಿಡಿದು ನೋಡಿದರು, ಸಿಕ್ಕಿಸಿದರು. ಮನೆ ನಡುಗುವಂತೆ ಒಂದು ಗುಡುಗು ಬಿತ್ತು. ನೀಲಗಂಗವ್ವನ ಕೈ ತಾನಾಗಿಯೇ ಪೆಟ್ಟಿಗೆಯ ಕಡೆ ಎದ್ದಿತು. ಅವರು ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗೆ ಇಳಿಸಿದರು.

ದೀಪ ಹಸಿರಾಯಿತು. ವಿನೋದನ ಮೊಬೈಲಿನಿಂದ ಹೋದ ಕರೆಗೆ ಒಳಕೋಣೆಯಲ್ಲಿ ರಿಂಗಾಯಿತು.

“ಹಲೋ,” ಅಂದರು ಬಸಪ್ಪನವರು, ಮೂರು ಗಜ ದೂರದಿಂದ. “ಹೋಟೆಲ್ ಬಂದ್ ಆಗೇದ, ನಾಳೆ ಬರ್ರಿ.”

ಆಗಲೂ ವಿನೋದ ನಗಲಿಲ್ಲ. ಬಸಪ್ಪನವರು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತರು. ಹೆಂಡತಿಯನ್ನು ನೋಡಿ, “ಅಳಬ್ಯಾಡ,” ಎಂದರು. “ಇಪ್ಪತ್ತೆಂಟು ವರ್ಷ ಜಟ್ಟಪ್ಪನ ಒಂದು ಮಾತು ನಡಿಸೀದಿ. ನನ್ನ ಮಾತು ಒಂದು ದಿನಾನೂ ನಡಿಸಿಲ್ಲ.”

ಮಳೆ ನಿಂತ ಮೇಲೆ ನಮಿತಾ ಹಳದಿ ವೈರಿನ ತುದಿಯ ಮೇಲೆ ಪ್ಲಾಸ್ಟಿಕ್ ಮುಚ್ಚಳ ಕೂರಿಸಿ ಸ್ಕ್ರೂ ಬಿಗಿದರು. ಪ್ಲಗ್ಗಿನ ಪಕ್ಕದ ಗೋಡೆಗೆ ಕುಂಕುಮದ ಬೊಟ್ಟಿಡುವಂತೆ ನೀಲಗಂಗವ್ವನಿಗೆ ಹೇಳಿದರು. ಗುಡುಗಿದರೆ ಕೈ ಹೋಗಬೇಕಾದದ್ದು ಅಲ್ಲಿಗೆ. ಅಪ್ಪ ಮಾಡುತ್ತಿದ್ದಂತೆ ಮೂರು ಸಲ ಅವರ ಕೈಯಲ್ಲೇ ತೆಗೆಸಿ, ಹಾಕಿಸಿ, ನೋಡಿದರು. ಸ್ಕೂಟಿ ತಿರುಗಿಸುವಾಗ ನೀಲಗಂಗವ್ವ ಸೆರಗು ಹೊದ್ದು ದುರ್ಗಿಯ ಅಂಗಳದ ಕಡೆ ನಡೆಯುತ್ತಿದ್ದರು. ಹತ್ತು ಹೆಜ್ಜೆ ಹಿಂದೆ ವಿನೋದ.

ಅಂದು ಸಂಜೆ ನಮಿತಾ ಅಪ್ಪನಿಗೆ ಎಲ್ಲವನ್ನೂ ಹೇಳಿದರು. ಕೇಳಿದ ಮೇಲೆ ಜಟ್ಟಪ್ಪನವರು ಎದ್ದು ಕೂತರು.

“ನಾ ಎಷ್ಟು ಮನೆಗೆ ಹೇಳಿದ್ದೆ ಗೊತ್ತಾ?”

“ಎಷ್ಟು?”

“ಇನ್ನೂರಾ ಹದ್ನಾರು. ಬರ್ಕೊ.”

ಕಣ್ಣು ಮಂಜಾದ ಮುದುಕ ಕಂಬದ ನಂಬರು ಹಿಡಿದು ಒಂದೊಂದೇ ಮನೆ ಹೇಳಿದರು, ಮಗಳು ಬರೆದುಕೊಂಡರು. ಅದರಲ್ಲಿ ಈಗ ಫೈಬರ್ ಇರುವವು ಎಂಬತ್ತೊಂದು. ಈಗ ನಮಿತಾ ಆ ಕಡೆ ಯಾವ ದೂರಿಗೆ ಹೋದರೂ ಮೊದಲು ಕೇಳುವುದು ವೇಗದ ಮಾತಲ್ಲ. ಗುಡುಗಿದರೆ ಏನು ತೆಗೀತೀರಿ ಎನ್ನುತ್ತಾರೆ. ಮೇ ಕೊನೆಯ ಹೊತ್ತಿಗೆ ಮೂವತ್ತನಾಲ್ಕು ಮನೆ ಮುಗಿದಿದ್ದವು. ಹತ್ತೊಂಬತ್ತರಲ್ಲಿ ಹೆಂಗಸರು ಹಳದಿ ವೈರನ್ನೇ ತೋರಿಸಿದ್ದರು.

ಜೂನ್ ಎರಡರ ಸಂಜೆ ಐದು ಗಂಟೆಗೆ ಕೆರೆಯ ಮೇಲೆ ಗುಡುಗಿತು. ನೀಲಗಂಗವ್ವ ಪ್ಲಗ್ಗು ತೆಗೆದರು. ಪೆಟ್ಟಿಗೆ ಬ್ಯಾಟರಿಯ ಮೇಲೆ ಉಸಿರಾಡುತ್ತಿತ್ತು. ಐದು ಹತ್ತಕ್ಕೆ ಬಸಪ್ಪನವರ ಮೊಬೈಲು ರಿಂಗಾಯಿತು. ಎರಡನೆಯ ರಿಂಗಿಗೆ ಎತ್ತಿದರು. ಹುಬ್ಬಳ್ಳಿಯಿಂದ. ಕೂಡಲೇ ಹೊರಡಬೇಕು, ಆದರೆ ನೀವು ಎರಡನೆಯವರು, ಮೊದಲಿನವರಿಗೆ ಹೊಂದದಿದ್ದರೆ ಮಾತ್ರ ನಿಮಗೆ ಎಂದರು. ಐದು ಇಪ್ಪತ್ತೈದಕ್ಕೆ ರಾಘುವಿನ ಓಮ್ನಿ ಅಂಗಳದಿಂದ ಹೊರಟಿತು. ವಿನೋದ ಮುಂದೆ ಕೂತಿದ್ದ.

ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ನೀಲಗಂಗವ್ವನ ಮೊಬೈಲಿಗೆ ಕರೆ ಬಂತು.

“ಮೊದಲನೇವ್ರಿಗೆ ಹೊಂದೈತಂತ,” ಬಸಪ್ಪನವರ ದನಿ. “ನಾವು ಹೊರಟ್ವಿ. ಹೆಸರು ಮ್ಯಾಲೇ ಇಟ್ಟಾರ. ಮತ್ತ ಕರೀತೀವಿ ಅಂದಾರ.”

ನೀಲಗಂಗವ್ವ ಗೋಡೆಯ ಹಸಿರು ದೀಪ ನೋಡುತ್ತ ನಿಂತಿದ್ದರು.

“ಕರೀಲಿ,” ಎಂದರು. “ನಾವು ಇಲ್ಲೇ ಅದೀವಿ.”